ನವಜಾತ ಶಿಶುವಿನ ಉಸಿರು: ಕೈ ಪಳಗಿಸುವ ತರಬೇತಿ ಬೇಕು

ಮಾನ್ಯರೇ,

ಮಂಡ್ಯ ಜಿಲ್ಲೆಯ ನರ್ಸಿಂಗ್ ವಿದ್ಯಾರ್ಥಿಗಳಿಗೆ ನವಜಾತ ಶಿಶುವಿನ ಪುನಶ್ಚೇತನವನ್ನು (ಉಸಿರಾಡದ ಮಗುವಿಗೆ ಉಸಿರು ಮರಳಿಸುವುದನ್ನು) ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದರೆ ಸಾಲದು. ಹುಟ್ಟಿದೊಡನೆ ಅಳದ ಮಗುವನ್ನು ಒರೆಸಿ, ಬೆಚ್ಚಗಿಟ್ಟು, ಬೆನ್ನುಜ್ಜಿದರೂ ಉಸಿರಾಡದಿದ್ದಲ್ಲಿ, ಮೊದಲ 1 ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್ (ಕೈಯಿಂದ ಅದುಮುವ ಗಾಳಿಚೀಲ ಮತ್ತು ಮೂಗು-ಬಾಯಿ ಮುಚ್ಚುವ ಮುಸುಕು) ಮೂಲಕ ನಿಮಿಷಕ್ಕೆ 40ರಿಂದ 60ರ ಗತಿಯಲ್ಲಿ ಗಾಳಿ ನೀಡಲಾರಂಭಿಸಬೇಕು. ಗದ್ದದ ಬಳಿ ಮಾಸ್ಕ್ ತುಸು ಸಡಿಲವಾದರೂ ಎದೆ ಏಳುವುದಿಲ್ಲ, ಇದು ಕೈಗೆ ರೂಢಿಯಾಗಬೇಕಾದ ವಿದ್ಯೆ. ಎದೆ ಏಳುವಂತೆ ಗಾಳಿ ನೀಡಿದ ಮೇಲೂ ಹೃದಯ ಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ ನವಜಾತ ಶಿಶುವಿಗೆ ಎದೆಯ ಮೇಲೆ 3 ಒತ್ತಿಗೆ 1 ಉಸಿರು. ಕೆಲ ತಿಂಗಳ ಕೂಸಿಗೆ, ನೆರವಾಗುವವರು ಒಬ್ಬರೇ ಇದ್ದಾಗ, 30 ಒತ್ತಿಗೆ 2 ಉಸಿರು. ಒಳ್ಳೆಯ ಅಂಕ ಪಡೆದವರೂ ಇಲ್ಲಿ ಗಲಿಬಿಲಿಗೊಳ್ಳುವುದು ಸಹಜ. ಆದ್ದರಿಂದ ಪ್ರತಿ ಕಾಲೇಜೂ ತರಬೇತಿ ಗೊಂಬೆಗಳನ್ನು ಬೀರುವಿನಲ್ಲಿ ಬೀಗ ಹಾಕಿಡದೆ, 6 ತಿಂಗಳಿಗೊಮ್ಮೆಯಾದರೂ ಪ್ರತಿಯೊಬ್ಬರಿಂದಲೂ ಅಭ್ಯಾಸ ಮಾಡಿಸುವಂತೆ ಸಂಬಂಧಪಟ್ಟವರು ಸೂಚಿಸಬೇಕೆಂದು ವಿನಂತಿ.

– ನಿವೃತ್ತ ಶುಶ್ರೂಷಕಿ, ಮಂಡ್ಯ