ಕಡತ ತಂದುಕೊಟ್ಟವರಿಗೆ, ಗಡಿಯಾರ ತೋರಿಸಿದವರಿಗೆ

ಕೊರಿಯಾ ಯುದ್ಧದ ವರ್ಷಗಳಲ್ಲಿ ಭಾರತದ ರಾಜತಾಂತ್ರಿಕತೆ ಕುರಿತ ಪ್ರಬಂಧದ ವೈವಾ ಮುಗಿದು ಪಿಎಚ್‌ಡಿ ಪದವಿ ಮಂಜೂರಾಗಿದೆ. ಶುಭ ಹಾರೈಸಿದ ಎಲ್ಲರಿಗೂ ವಂದನೆ. ಇದರಲ್ಲಿ ಯಾರ ಪಾಲು ಏನು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಮೊದಲ ನಮಸ್ಕಾರ ದೆಹಲಿಯ ಜನಪಥದ ರಾಷ್ಟ್ರೀಯ ಅಭಿಲೇಖಾಗಾರದ ಓದುಕೋಣೆಯ ಸಿಬ್ಬಂದಿಗೆ. ಅಲ್ಲಿ ಸಚಿವಾಲಯ, ಶಾಖೆ, ವರ್ಷ, ಕಡತ ಸಂಖ್ಯೆ ನಾಲ್ಕೂ ಚೀಟಿಯಲ್ಲಿ ಸರಿಯಿರಬೇಕು. ಶಾಖೆಯ ಹೆಸರು ತಪ್ಪಿದರೆ ಕಡತ ಕೈಗೆ ಬರುವುದಿಲ್ಲ. ಎಲ್ಲ ಸರಿಯಿದ್ದೂ ಕೆಲವು ಚೀಟಿಗಳ ಮೇಲೆ ‘ಎನ್‌ಟಿ’ ಎಂಬ ಷರಾ ಬೀಳುತ್ತದೆ. ಅಂದರೆ ಸೂಚಿಯಲ್ಲಿ ಹೆಸರಿದೆ, ಸಚಿವಾಲಯ ಕಡತವನ್ನು ಇನ್ನೂ ಕಳಿಸಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದು ಇಷ್ಟು ವರ್ಷವಾದರೂ ವಿದೇಶಾಂಗ ಕಡತಗಳಲ್ಲಿ ಈ ಷರಾ ಕಾಡುವುದು ತಪ್ಪಿಲ್ಲ. ಒಂದೇ ತಂತಿ ಸಂದೇಶದ (ಟೆಲಿಗ್ರಾಂ) ಪ್ರತಿ ಹಲವು ರಾಯಭಾರ ಕಚೇರಿಗಳಿಗೆ ಹೋಗುತ್ತಿದ್ದುದರಿಂದ ಬೇರೆ ಶಾಖೆಯ ಕಡತದಲ್ಲೂ ಹುಡುಕಿ ಎಂದು ದಾರಿ ತೋರಿಸಿದವರು ಈ ಸಿಬ್ಬಂದಿಯೇ. ಅಲ್ಲೂ ಸಿಗದಿದ್ದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಅಭಿಲೇಖಾಗಾರದ ದಾಖಲೆಗಳು ಮತ್ತು ಅಮೆರಿಕದ ವಿದೇಶಾಂಗ ಇಲಾಖೆ ಪ್ರಕಟಿಸಿದ ಸಂಪುಟಗಳು ಇವೆ. ಆದರೆ ಅವುಗಳಲ್ಲಿ ಕಾಣುವುದು ಅವರ ಕಣ್ಣಿನ ಭಾರತ. ಅದೊಂದನ್ನೇ ನೆಚ್ಚಿದರೆ ಕಥೆ ವಾಲುತ್ತದೆ.

ಗೈಡ್‌ಗೆ ಸಲ್ಲಬೇಕಾದ ಕೃತಜ್ಞತೆ ದೊಡ್ಡದು. ಏಕೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. 1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ್ದಾಗಿತ್ತು, ಕುರ್ಚಿಯಲ್ಲಿದ್ದವರು ಕರಾವಳಿ ಮೂಲದ ಬೆನಗಲ್ ನರಸಿಂಗ ರಾಯರು. 25ರಂದು, ಉತ್ತರ ಕೊರಿಯಾ ದಾಳಿ ನಿಲ್ಲಿಸಬೇಕೆಂಬ ನಿರ್ಣಯದ ಪರ ಅವರು ಮತ ಹಾಕಿದರು. 27ರಂದು, ದಕ್ಷಿಣ ಕೊರಿಯಾಕ್ಕೆ ನೆರವು ನೀಡುವ ನಿರ್ಣಯ ಬಂದಾಗ, ಮತದಾನದಲ್ಲಿ ಭಾಗವಹಿಸಲೇ ಇಲ್ಲ. ಇದನ್ನು ಅಲಿಪ್ತ ನೀತಿಯ ಆರಂಭ ಎಂದು ಓದುವುದು ಸುಲಭ. ಕಾರಣ ಮಾತ್ರ ಬೇರೆ: ದೆಹಲಿಯಿಂದ ಸೂಚನೆ ಇನ್ನೂ ತಲುಪಿರಲಿಲ್ಲ. ಎರಡು ದಿನ ಕಳೆದು ಸರ್ಕಾರ ಆ ನಿರ್ಣಯವನ್ನು ಒಪ್ಪಿಕೊಂಡಿತು. ಜುಲೈ 7ರಂದು, ಜಂಟಿ ಸೇನಾ ಕಮಾಂಡ್ ಕುರಿತ ನಿರ್ಣಯಕ್ಕೆ, ಭಾರತ ತಟಸ್ಥವಾಗಿ ಉಳಿಯಿತು. ಅದು ನಿಜವಾದ ನೀತಿಯ ತೀರ್ಮಾನ.

ಈ ವ್ಯತ್ಯಾಸ ಕಾಣಬೇಕಾದರೆ ಪ್ರತಿ ತಂತಿಗೂ ಹೊರಟ ಹೊತ್ತು, ತಲುಪಿದ ಹೊತ್ತು ಎರಡನ್ನೂ ಬರೆದುಕೊಳ್ಳಬೇಕು. ಆ ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ದೆಹಲಿಗೂ ಒಂಬತ್ತೂವರೆ ಗಂಟೆಯ ಅಂತರ. ದಿನಾಂಕವನ್ನಷ್ಟೇ ನೋಡಿದರೆ ಉತ್ತರ ಪ್ರಶ್ನೆಗಿಂತ ಮೊದಲು ಬಂದಂತೆ ಕಾಣಬಹುದು. ಗೈಡ್ ಪಟ್ಟುಹಿಡಿದು ಕಲಿಸಿದ್ದು ಇದನ್ನೇ. ಇಂದಿಗೂ ವಿಶ್ವಸಂಸ್ಥೆಯಲ್ಲಿ ಭಾರತ ತಟಸ್ಥವಾದ ರಾತ್ರಿಯೇ ಟಿವಿಯಲ್ಲಿ ಚಾಣಕ್ಯತನ ಅಥವಾ ಹೇಡಿತನ ಎಂಬ ತೀರ್ಪು ಬಂದುಬಿಡುತ್ತದೆ. ಸೂಚನೆ ಏನಿತ್ತು, ಯಾವಾಗ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಬೇಸರ ತರುವ ಸಂಗತಿ.

1953ರ ಅಧ್ಯಾಯಕ್ಕೆ ನೆರವಾದ ನಿವೃತ್ತ ಸೇನಾಧಿಕಾರಿಗಳಿಗೂ ನಮನ. ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದ ಯುದ್ಧಕೈದಿಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ ನಿಂತರೆ ಭಾರತದ ಒಂದು ಮತವೇ ನಿರ್ಣಾಯಕವಾಗುತ್ತಿತ್ತು. ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಶಿಬಿರವನ್ನು ಗುಂಡು ಹಾರಿಸದೆ ಹಿಡಿತದಲ್ಲಿಡುವುದು ಎಷ್ಟು ಕಷ್ಟ ಎಂಬುದು ಕಡತಕ್ಕಿಂತ ಅವರ ವಿವರಣೆಯಲ್ಲೇ ಚೆನ್ನಾಗಿ ಅರ್ಥವಾಗುತ್ತದೆ.

ವಿಭಾಗದ ಕಚೇರಿಯ ಗುಮಾಸ್ತರಿಗೆ ವಿಶೇಷ ಧನ್ಯವಾದ. ಜೆಆರ್‌ಎಫ್ ಎಂಬ ಸಂಶೋಧನಾ ವೇತನದ ಹಣ ಬರಬೇಕಾದರೆ ತಿಂಗಳು ತಿಂಗಳೂ ಪೋರ್ಟಲ್‌ನಲ್ಲಿ ‘ಮೇಕರ್’ ಎಂಬ ಒಬ್ಬ ಸಿಬ್ಬಂದಿ ದೃಢೀಕರಿಸಬೇಕು, ‘ಚೆಕರ್’ ಎಂಬ ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು. ಒಬ್ಬರು ರಜೆ ಹಾಕಿದರೂ ಸಂಶೋಧಕರ ಮನೆ ಬಾಡಿಗೆ ನಿಲ್ಲುತ್ತದೆ. ಅದು ನಿಲ್ಲದಂತೆ ನೋಡಿಕೊಂಡವರು ಅವರು.

ಸಿಕ್ಕ ಕಡತಗಳ ಜೊತೆ ‘ಎನ್‌ಟಿ’ ಆದವುಗಳ ಸಂಖ್ಯೆಗಳನ್ನೂ ಅನುಬಂಧದಲ್ಲಿ ಕೊಡಿ ಎಂದು ಒತ್ತಾಯಿಸಿದ ಪರೀಕ್ಷಕರಿಗೆ ಋಣಿ. ಪ್ರಬಂಧ ಶೋಧಗಂಗಾ ಎಂಬ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರಕ್ಕೆ ಸೇರಿದ ಮೇಲೆ ಆ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅಷ್ಟರೊಳಗೆ ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ.