ಮಕ್ಕಳ ಕಾಲೇಜಿಗೆ ಬೇಕಾದ ಆದಾಯದ ಕಾಗದ ಏಪ್ರಿಲ್‌ನಲ್ಲೇ ರೆಡಿ ಮಾಡ್ಕೊಳ್ಳಿ

ಸಂಪಾದಕರೇ, ನಮಸ್ಕಾರ.

ಸ್ಕಾಲರ್‌ಶಿಪ್ ಅರ್ಜಿ ಹಾಕೋ ಕೊನೇ ತಾರೀಕು ಮುಂದಕ್ಕೆ ಹೋಗಿದೆ ಅಂತ ನಿಮ್ಮ ಪೇಪರ್‌ನಲ್ಲಿ ಆಗಾಗ ಸುದ್ದಿ ಬರುತ್ತೆ, ಅದನ್ನ ಓದಿ ನಮ್ಮ ಸಕಲೇಶಪುರ ಕಡೆ ಅಪ್ಪಂದಿರು "ಇನ್ನೂ ಟೈಮಿದೆ ಬಿಡಪ್ಪ" ಅಂತ ಪೇಪರ್ ಮಡಚಿಟ್ಟು ತೋಟಕ್ಕೆ ಹೋಗ್ತಾರೆ. ನಾನು ಇಲ್ಲಿ ಸಣ್ಣ ಬೆಳೆಗಾರರದ್ದು, ಅಂಗಡಿಯವರದ್ದು ಲೆಕ್ಕ ಬರೆದು ರಿಟರ್ನ್ ಫೈಲ್ ಮಾಡಿಕೊಡೋ ಕೆಲಸದಲ್ಲಿರೋನು. ಜುಲೈ ಬಂತು ಅಂದ್ರೆ ನನ್ನ ಟೇಬಲ್ ಮುಂದೆ ಬರೋರಲ್ಲಿ ಅರ್ಧ ಜನ ಟ್ಯಾಕ್ಸ್ ಕಟ್ಟೋಕೆ ಬರೋರಲ್ಲ, ಮಗಳಿಗೆ ಸೀಟು ಸಿಕ್ಕಿದೆ, ಬ್ಯಾಂಕ್‌ನೋರು ಎರಡು ಮೂರು ವರ್ಷದ ಐಟಿಆರ್ (ಇನ್‌ಕಮ್ ಟ್ಯಾಕ್ಸ್ ರಿಟರ್ನ್) ಕೇಳ್ತಿದಾರೆ, ನಾಳೆನೇ ಬೇಕು ಅನ್ನೋರು. ನಾಳೆ ಆಗಲ್ಲ ಸ್ವಾಮಿ. ಅದಕ್ಕೇ ಈ ಪತ್ರ.

ಮೊದಲು ಒಂದು ಗೊಂದಲ ಬಿಡಿಸ್ತೀನಿ. ತಹಶೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರ ಬೇರೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬೇರೆ. ಒಂದಿದ್ರೆ ಇನ್ನೊಂದು ಬೇಡ ಅಂದ್ಕೊಂಡಿರೋರೇ ಜಾಸ್ತಿ. ಎಸ್‌ಎಸ್‌ಪಿ ಅಂದ್ರೆ ರಾಜ್ಯದ ವಿದ್ಯಾರ್ಥಿವೇತನದ ಪೋರ್ಟಲ್ ಕೇಳೋದು ನಾಡಕಚೇರಿಯಿಂದ ಬಂದ ಜಾತಿ-ಆದಾಯ ಪತ್ರದ ಮೇಲೆ ಅಚ್ಚಾಗಿರೋ ಆರ್‌ಡಿ ನಂಬರ್. ಸಿಇಟಿ ಅರ್ಜೀಲೂ ಅದೇ ನಂಬರ್. ಎಸ್‌ಎನ್‌ಕ್ಯೂ ಅಂತ ಇಂಜಿನಿಯರಿಂಗ್‌ನಲ್ಲಿ ಫೀಸ್ ವಿನಾಯಿತಿ ಸೀಟು ಇರುತ್ತಲ್ಲ, ಮನೆ ಆದಾಯ 8 ಲಕ್ಷದೊಳಗಿದ್ರೆ ಸಿಗೋದು, ಅದಕ್ಕೂ ಅದೇ. ಬ್ಯಾಂಕ್ ಎಜುಕೇಶನ್ ಲೋನ್‌ಗೆ ಹೋದ್ರೆ ಮಾತ್ರ ಎರಡೂ ಬೇಕು, ಯಾಕಂದ್ರೆ ಸಾಲ ತೀರಿಸೋ ತಾಕತ್ತು ಇದೆಯಾ ಅಂತ ಬ್ಯಾಂಕ್ ನೋಡೋದು ಅಪ್ಪನ ರಿಟರ್ನ್‌ನಲ್ಲಿ, ಬಡ್ಡಿ ಸಬ್ಸಿಡಿ ಕೊಡೋಕೆ ಸರ್ಕಾರ ನೋಡೋದು ಕಂದಾಯ ಇಲಾಖೆ ಪತ್ರಾನ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೇಲಿ ಮನೆ ಆದಾಯ 8 ಲಕ್ಷದವರೆಗೆ ಇದ್ರೆ, ಪಟ್ಟೀಲಿರೋ ಕಾಲೇಜಲ್ಲಿ ಸೀಟಾಗಿದ್ರೆ, 10 ಲಕ್ಷದವರೆಗಿನ ಸಾಲಕ್ಕೆ ಓದೋ ಅವಧೀಲಿ ನೂರಕ್ಕೆ 3ರಷ್ಟು ಬಡ್ಡಿ ರಿಯಾಯಿತಿ ಇದೆ, ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ಟೆಕ್ನಿಕಲ್, ಪ್ರೊಫೆಷನಲ್ ಕೋರ್ಸ್ ಆದ್ರೆ ಪೂರ್ತಿ ಬಡ್ಡಿ ಸಬ್ಸಿಡಿ ಇರೋ ಇನ್ನೊಂದು ಯೋಜನೇನೂ ಇದೆ. ಇಷ್ಟೆಲ್ಲಾ ಇದ್ರೂ ಕಾಗದ ಟೈಮಿಗೆ ಸಿಗದೆ ಚಿನ್ನ ಅಡ ಇಟ್ಟು ಮೊದಲ ವರ್ಷದ ಫೀಸ್ ಕಟ್ಟಿದ ಮನೆಗಳನ್ನ ನಾನು ನೋಡಿದೀನಿ.

ಈಗ ನಮ್ಮ ಮಲೆನಾಡಿಂದೇ ಒಂದು ತಾಪತ್ರಯ ಇದೆ, ಬಯಲುಸೀಮೆಯವರಿಗೆ ಇಷ್ಟು ಗೊತ್ತಾಗಲ್ಲ. ಇಲ್ಲಿ ಎಷ್ಟೋ ಮನೇಲಿ ನಾಲ್ಕೆಕ್ರೆ ಕಾಫಿ ತೋಟ ಇರುತ್ತೆ, ಜೊತೆಗೆ ಪೇಟೇಲಿ ಒಂದು ದಿನಸಿ ಅಂಗಡಿನೋ ಗೊಬ್ಬರದ ಅಂಗಡಿನೋ ಇರುತ್ತೆ. ಅಂಗಡಿ ಲೆಕ್ಕಕ್ಕೆ ಯಾರೋ ಒಬ್ರು ಐಟಿಆರ್-4, ಸುಗಮ್ ಅಂತಾರಲ್ಲ, ಅದನ್ನ ತುಂಬಿ ವ್ಯಾಪಾರದ ಮೇಲೆ ನೂರಕ್ಕೆ 8 ಲಾಭ ಅಂತ ತೋರಿಸಿ ಕೈ ತೊಳ್ಕೊಂಡಿರ್ತಾರೆ. ತೋಟದ ಆದಾಯ ಅದರಲ್ಲಿ ಎಲ್ಲೂ ಇರಲ್ಲ. ಕೇಳಿದ್ರೆ ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ತೋರಿಸೋದ್ಯಾಕೆ ಅಂತಾರೆ. ಟ್ಯಾಕ್ಸ್ ಇಲ್ಲದಿರೋದು ನಿಜ, ಆದ್ರೆ ಕೃಷಿ ಆದಾಯ 5,000 ದಾಟಿದ್ರೆ ಐಟಿಆರ್-1 ಆಗ್ಲಿ 4 ಆಗ್ಲಿ ಹಾಕೋ ಹಾಗೇ ಇಲ್ಲ, ಬೇರೆ ಫಾರ್ಮ್‌ನಲ್ಲಿ ವಿನಾಯಿತಿ ಇರೋ ಆದಾಯ ಅಂತ ತೋರಿಸ್ಲೇಬೇಕು. ಇನ್ನು ಕಾಫಿ ಬೆಳೆದು ತಾವೇ ಕ್ಯೂರಿಂಗ್, ಅಂದ್ರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡಿ ಮಾರೋರಾದ್ರೆ ಅದರಲ್ಲಿ ನೂರಕ್ಕೆ 25 ಭಾಗ ಬಿಸಿನೆಸ್ ಆದಾಯ ಅಂತ ಲೆಕ್ಕ, ಹುರಿದು ಪುಡಿ ಮಾಡಿ ಮಾರಿದ್ರೆ 40 ಭಾಗ. ಹೀಗಿರೋವಾಗ ಮಗಳ ಲೋನ್‌ಗೆ ಹೋದಾಗ ಏನಾಗುತ್ತೆ ನೋಡಿ. ರಿಟರ್ನ್‌ನಲ್ಲಿ ವರ್ಷಕ್ಕೆ ಮೂರು ಲಕ್ಷ, ಇಷ್ಟು ಆದಾಯಕ್ಕೆ ಇಷ್ಟು ಸಾಲ ಕೊಡೋಕಾಗಲ್ಲ ಅಂತಾರೆ ಮ್ಯಾನೇಜರ್. ತೋಟ ಇದೆ ಸಾರ್ ಅಂದ್ರೆ ಅದರ ಆದಾಯ ಎಲ್ಲಿ ತೋರಿಸಿದೀರಾ ಅಂತಾರೆ. ಆಮೇಲೆ ಆದಾಯ ಪತ್ರ ತೆಗೆದು ಇಟ್ರೆ ಅದರಲ್ಲಿ ತೋಟ ಅಂಗಡಿ ಎಲ್ಲಾ ಸೇರಿ ವರ್ಷಕ್ಕೆ ನಲವತ್ತು ಸಾವಿರ ಅಂತ ಇರುತ್ತೆ. ಒಂದೇ ಮನೆ, ಒಂದೇ ಅಪ್ಪ, ಎರಡು ಕಾಗದ ಒಂದಕ್ಕೊಂದು ಮುಖ ನೋಡಲ್ಲ.

ಇದರ ಉಲ್ಟಾನೂ ಇದೆ. ಕಾರ್ ಲೋನ್ ಬೇಕು ಅಂತ ರಿಟರ್ನ್‌ನಲ್ಲಿ ಆದಾಯ ಉಬ್ಬಿಸಿ ಬರೆಸಿರ್ತಾರೆ, ಮರುವರ್ಷ ಮಗನ ಸ್ಕಾಲರ್‌ಶಿಪ್ ಬಂದಾಗ ಅದನ್ನ ಹೆಂಗಾದ್ರೂ ಕಮ್ಮಿ ಮಾಡಿಕೊಡಿ ಅಂತಾರೆ. ಅಂಥೋರಿಗೆ ನಾನು ಮಾಡಿಕೊಡಲ್ಲ. ಇರೋದನ್ನ ಇದ್ದಂಗೆ ಎರಡೂ ಕಡೆ ತೋರಿಸಿ, ಅಷ್ಟೇ. ಪರಿಶಿಷ್ಟರಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಮಿತಿ ಎರಡೂವರೆ ಲಕ್ಷ, ಅದರ ಆಸುಪಾಸು ಇರೋರಿಗೆ ಈ ಲೆಕ್ಕ ಸರಿ ಇರೋದು ಇನ್ನೂ ಮುಖ್ಯ.

ಬರೀ ತೋಟ ಇರೋರಿಗೆ ರಿಟರ್ನ್ ಬೇಕಾಗೇ ಇಲ್ಲದಿರಬಹುದು, ಆಗ ಬ್ಯಾಂಕ್ ಪಹಣಿ ಕೇಳುತ್ತೆ, ಬೆಳೆ ಮಾರಿದ ಬಿಲ್ ಕೇಳುತ್ತೆ. ಬಿಲ್ ಎಲ್ಲಿರುತ್ತೆ? ವ್ಯಾಪಾರಿ ಒಂದು ಬಿಳಿ ಚೀಟೀಲಿ 32 ಮೂಟೆ, ಓಟಿ (ಒಂದು ಮೂಟೆಗೆ ಬೀಳೋ ಬೀಜದ ತೂಕ) 27 ಅಂತ ಗೀಚಿ ರೇಟು ಬರೆದು ಕೊಟ್ಟಿರ್ತಾನೆ, ಅದರಲ್ಲಿ ಮಾರಿದೋರ ಹೆಸರೂ ಇಲ್ಲ, ಕೊಂಡೋರ ಹೆಸರೂ ಇಲ್ಲ, ತಾರೀಕಿನ ಜಾಗದಲ್ಲಿ ಕಾಫಿ ಕಲೆ. ದುಡ್ಡು ಕ್ಯಾಶ್‌ನಲ್ಲಿ ಬಂದಿರುತ್ತೆ. ಈ ಚೀಟಿ ಹಿಡ್ಕೊಂಡು ಯಾವ ಮ್ಯಾನೇಜರ್ ಹತ್ರ ಹೋಗೋದು? ಫೆಬ್ರವರಿ ಮಾರ್ಚ್‌ನಲ್ಲಿ ಮಾಲು ಕೊಡೋವಾಗ್ಲೇ ಸರಿಯಾದ ಬಿಲ್ ಕೇಳಿ, ದುಡ್ಡು ಅಕೌಂಟ್‌ಗೇ ಹಾಕಿಸ್ಕೊಳ್ಳಿ, ಇದಕ್ಕೇನೂ ಖರ್ಚಿಲ್ಲ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ರೆ ಅದು ಬೇರೆ ಪುರಾಣ, ಅದನ್ನ ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆ ಒಂದೆರಡು ವಾರದಲ್ಲಿ ಮುಗಿಯೋದಲ್ಲ, ಮಗ ಫಸ್ಟ್ ಪಿಯುಗೆ ಸೇರಿದ ವರ್ಷಾನೇ ಶುರು ಮಾಡಿದ್ರೆ ಸೆಕೆಂಡ್ ಪಿಯು ಮುಗಿಯೋ ಹೊತ್ತಿಗೆ ಆಗಬಹುದು.

ತಾರೀಕುಗಳ ವಿಷಯಕ್ಕೆ ಬರ್ತೀನಿ, ಜನ ಎಡವೋದು ಇಲ್ಲೇ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಸಂಬಳದವರಿಗೆ ಫಾರ್ಮ್ 16 (ಸಂಬಳ, ಅದರಲ್ಲಿ ಹಿಡಿದ ಟ್ಯಾಕ್ಸ್‌ನ ಪತ್ರ) ಕೊಡೋಕೆ ಆಫೀಸ್‌ಗೆ ಜೂನ್ 15ರವರೆಗೆ ಟೈಮಿದೆ, ಟಿಡಿಎಸ್ ಅಂದ್ರೆ ಮೊದಲೇ ಹಿಡಿದ ಟ್ಯಾಕ್ಸ್‌ನ ವಿವರ 26ಎಎಸ್ ಅನ್ನೋ ಟ್ಯಾಕ್ಸ್ ಪಟ್ಟೀಲಿ ಪೂರ್ತಿ ಕಾಣಿಸೋದೂ ಜೂನ್‌ಗೇ. ರಿಟರ್ನ್‌ಗೆ ಬಹಳ ವರ್ಷದಿಂದ ಸಾಮಾನ್ಯವಾಗಿ ಜುಲೈ 31 ಕಡೇ ದಿನ ಆಗಿತ್ತು, 2025ರಲ್ಲಿ ಅದನ್ನ ಸೆಪ್ಟೆಂಬರ್ 16ರವರೆಗೂ ಎಳೆದ್ರು. ಟ್ಯಾಕ್ಸ್ ಇಲಾಖೆ ಕಡೇ ದಿನ ಮುಂದೆ ಹಾಕ್ತು ಅಂತ ಕಾಲೇಜಿನೋರು ಫೀಸ್ ದಿನ ಮುಂದೆ ಹಾಕ್ತಾರಾ? ಹಾಕಲ್ಲ. ಆ ವರ್ಷ ಆರಾಮಾಗಿ ಕೂತೋರು ಬ್ಯಾಂಕ್‌ನಲ್ಲಿ ಇತ್ತೀಚಿನ ವರ್ಷದ್ದು ಎಲ್ಲಿ ಅನ್ನಿಸ್ಕೊಂಡು ವಾಪಸ್ ಬಂದ್ರು. ತಡ ಆದ್ರೆ ಡಿಸೆಂಬರ್ 31ರವರೆಗೆ ಲೇಟ್ ಫೀ ಕಟ್ಟಿ ಹಾಕಬಹುದು, ಆದಾಯ 5 ಲಕ್ಷದೊಳಗಿದ್ರೆ 1,000, ಮೇಲಿದ್ರೆ 5,000. ಅದಕ್ಕಿಂತ ಹಿಂದಿನ ವರ್ಷದ್ದು ಹಾಕೇ ಇಲ್ಲ ಅಂದ್ರೆ ಅಪ್‌ಡೇಟೆಡ್ ರಿಟರ್ನ್ ಅಂತ ಇದೆ, ಆದ್ರೆ ಅದು ಹೆಚ್ಚುವರಿ ಟ್ಯಾಕ್ಸ್ ಕಟ್ಟೋರಿಗೆ, ಟ್ಯಾಕ್ಸೇ ಬರದ ಸಣ್ಣ ಅಂಗಡಿಯವನಿಗೆ ಆ ದಾರಿ ಇಲ್ಲ. ಅದಕ್ಕೇ ಟ್ಯಾಕ್ಸ್ ಬರಲ್ಲ ರಿಟರ್ನ್ ಯಾಕೆ ಅನ್ನೋರಿಗೆ ನಾನು ಹೇಳೋದು, ಮಕ್ಕಳು ಹೈಸ್ಕೂಲ್‌ನಲ್ಲಿರೋವಾಗ್ಲೇ ಸೊನ್ನೆ ಟ್ಯಾಕ್ಸ್‌ನ ರಿಟರ್ನ್ ಹಾಕ್ತಾ ಬನ್ನಿ, ಮೂರು ವರ್ಷದ್ದು ಒಂದೇ ದಿನ ಹುಟ್ಟಿಸೋಕಾಗಲ್ಲ, ಅಕ್ನಾಲೆಡ್ಜ್‌ಮೆಂಟ್ ಮೇಲೆ ತಾರೀಕು ಇರುತ್ತೆ, ಬ್ಯಾಂಕ್‌ನೋರು ಅದನ್ನೇ ಮೊದಲು ನೋಡೋದು.

ಆದಾಯ ಪತ್ರ ಐದು ವರ್ಷ ನಡೆಯುತ್ತೆ, ಅದು ಒಳ್ಳೇದೇ. ಆದ್ರೆ ಸಿಇಟಿ ಅರ್ಜಿ ಬರೋದು ಜನವರಿ ಫೆಬ್ರವರೀಲಿ, ಆಗ ಇಲ್ಲಿ ರೋಬಸ್ಟಾ ಹಣ್ಣು ಕುಯ್ಯೋ ಟೈಮು, ಆಳು ಸಿಗಲ್ಲ, ಮನೇಲಿ ಯಾರಿಗೂ ನಾಡಕಚೇರಿಗೆ ಹೋಗೋಕೆ ಪುರಸೊತ್ತಿಲ್ಲ. ಐದು ವರ್ಷ ಮುಗಿದಿದೆಯಾ ಅಂತ ದೀಪಾವಳಿ ಹೊತ್ತಿಗೇ ಒಂದು ಸಲ ನೋಡ್ಕೊಂಡ್ರೆ ಆಯ್ತು. ಕೇಂದ್ರದ ಇಡಬ್ಲ್ಯೂಎಸ್, ಅಂದ್ರೆ ಸಾಮಾನ್ಯ ವರ್ಗದ ಬಡವರ ಮೀಸಲಾತಿ ಪತ್ರ ಹಂಗಲ್ಲ, ಜೆಇಇ ನೀಟ್ ಕೌನ್ಸೆಲಿಂಗ್‌ಗೆ ಏಪ್ರಿಲ್ 1 ಆದ್ಮೇಲೆ ಹೊಸದಾಗಿ ತೆಗೆಸಿದ್ದೇ ಬೇಕು, ಹಿಂದಿನ ಹಣಕಾಸು ವರ್ಷದ ಆದಾಯ ಎಲ್ಲಾ ಮೂಲದ್ದೂ ಲೆಕ್ಕ, 5 ಎಕರೆ ಅಥವಾ ಜಾಸ್ತಿ ಕೃಷಿ ಜಮೀನಿದ್ರೆ ಆದಾಯ ಎಷ್ಟಿದ್ರೂ ಸಿಗಲ್ಲ. ಆರೆಕ್ರೆ ತೋಟದವರು ಇದಕ್ಕಾಗಿ ಓಡಾಡಿ ಚಪ್ಪಲಿ ಸವೆಸೋದು ಬೇಡ.

ಓಟಿಪಿ ಕಥೆ ಒಂದು ಹೇಳದೆ ಬಿಡೋಕಾಗಲ್ಲ. ರಿಟರ್ನ್ ಹಾಕಿದ 30 ದಿನದೊಳಗೆ ವೆರಿಫೈ ಆಗ್ಬೇಕು, ಇಲ್ಲಾಂದ್ರೆ ಹಾಕಿದ್ದೂ ಹಾಕದಂಗೆ. ಆಧಾರ್ ಓಟಿಪಿ ಹಾಕೋಣ ಅಂದ್ರೆ ಆಧಾರ್‌ಗೆ ಲಿಂಕ್ ಆಗಿರೋ ನಂಬರ್ ಯಾವಾಗ್ಲೋ ಬಿಟ್ಟ ಸಿಮ್ಮು. ನಂಬರ್ ಸರಿ ಇದ್ರೂ ಹಾನುಬಾಳು ಆ ಕಡೆ ಜುಲೈ ಮಳೇಲಿ ಕರೆಂಟ್ ಹೋಗಿ ಟವರ್ ಆಫ್ ಆಗಿರುತ್ತೆ, ಅಪ್ಪ ಫೋನ್ ಹಿಡ್ಕೊಂಡು ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಿ ಓಟಿಪಿ ಬಂದು ಅದನ್ನ ನನಗೆ ಓದಿ ಹೇಳೋ ಹೊತ್ತಿಗೆ ಅದರ ಟೈಮ್ ಮುಗಿದಿರುತ್ತೆ. ಸಹಿ ಮಾಡಿದ ಕಾಪೀನ ಬೆಂಗಳೂರಲ್ಲಿರೋ ಟ್ಯಾಕ್ಸ್ ಇಲಾಖೆಯ ಸಿಪಿಸಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡೋ ದಾರಿ ಇದೆ ಅನ್ನಿ, ಆದ್ರೆ ಅರ್ಜೆಂಟ್‌ಗೆ ಅದು ಆಗಲ್ಲ. ಮಳೆ ಜೋರಾಗೋಕೆ ಮುಂಚೆ ಮುಗಿಸಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇನೇ. ಸ್ಕಾಲರ್‌ಶಿಪ್ ದುಡ್ಡು ಬರೋದೂ ಆಧಾರ್ ಜೋಡಿಸಿದ ಅಕೌಂಟ್‌ಗೇ. ಎಷ್ಟೋ ಮಕ್ಕಳ ಅರ್ಜಿ ಪಾಸಾಗಿ ದುಡ್ಡು ಮಾತ್ರ ಬಂದಿರಲ್ಲ. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಮುಂದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಪೂರ್ತಿ ಬಿಡಿಸಿ ಬರೆದಿರೋ ಮನೆಗಳು ಅದನ್ನೂ ಮೊದಲೇ ಸರಿ ಮಾಡಿಸ್ಕೊಳ್ಳಿ.

ನಮ್ಮ ಕಡೆ ಹುಡುಗ್ರು ಈಗ ಅಮೆರಿಕಾದಲ್ಲಿ ಸಂಸಾರ ಮಾಡ್ಕೊಂಡು ಅವರ ಮಕ್ಕಳೂ ಅಲ್ಲೇ ಕಾಲೇಜಿಗೆ ಬಂದಿದಾರಲ್ಲ, ಹಂಗೆ ಬೇಸಿಗೇಲಿ ಊರಿಗೆ ಬಂದಿದ್ದ ಒಬ್ರ ಹತ್ರ ಅಲ್ಲಿ ಹೆಂಗೆ ಅಂತ ಕೇಳ್ದೆ. ಅಲ್ಲಿ ಎಫ್‌ಎಎಫ್‌ಎಸ್‌ಎ ಅಂತ ಒಂದೇ ಫಾರ್ಮು, ಕೇಂದ್ರ ಸರ್ಕಾರದ ನೆರವಿಗೆ. ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರು, ಅಂದ್ರೆ ಕಾಲೇಜ್ ಸೇರೋಕೆ ಸುಮಾರು ಒಂದು ವರ್ಷ ಮೊದಲೇ. ಅವರು ಕೇಳೋದು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್, 2026-27ರ ಓದಿಗೆ 2024ರ ಲೆಕ್ಕ, ಫಾರ್ಮ್ ಬರೋ ಹೊತ್ತಿಗೆ ಅದು ಫೈಲ್ ಆಗಿ ಮುಗಿದಿರುತ್ತೆ. ಅಪ್ಪ ಅಮ್ಮ ಮಗ ಒಪ್ಪಿಗೆ ಕೊಟ್ರೆ ಟ್ಯಾಕ್ಸ್ ಇಲಾಖೆಯಿಂದಲೇ ಅಂಕಿ ಅಂಶ ಸೀದಾ ಫಾರ್ಮ್‌ಗೆ ಬರುತ್ತೆ, ಒಪ್ಪಿಗೆ ಕೊಡದಿದ್ರೆ ನೆರವೇ ಇಲ್ಲ. ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಹೊಗಳೋಕೆ ಹೇಳ್ತಿಲ್ಲ, ಎರಡು ವರ್ಷ ಹಳೇ ಆದಾಯ ತಗೊಂಡ್ರೆ ನಮ್ಮಲ್ಲಿ ಕಾಫಿ ರೇಟ್ ಏರಿದ ವರ್ಷದ ಲೆಕ್ಕದಲ್ಲಿ ರೇಟ್ ಬಿದ್ದ ವರ್ಷದ ಹುಡುಗ ಸಿಕ್ಕಿ ಹಾಕ್ಕೋತಾನೆ. ಆದ್ರೆ ಒಂದು ಇಲಾಖೆ ಹತ್ರ ಇರೋ ಕಾಗದಾನ ಇನ್ನೊಂದು ಇಲಾಖೆಗೆ ಅಪ್ಪನ ಕೈಲಿ ಹೊರಿಸೋದು ತಪ್ಪುತ್ತಲ್ಲ, ಅದು ಬೇಕು. ಆರ್‌ಡಿ ನಂಬರ್ ಹಾಕಿದ್ರೆ ಎಸ್‌ಎಸ್‌ಪಿ ತಾನೇ ಆದಾಯ ಪತ್ರ ಎಳ್ಕೊಳ್ಳುತ್ತೆ, ಅಷ್ಟು ನಮ್ಮವರೂ ಮಾಡಿದಾರೆ, ಸಂತೋಷ.

ಜಿಲ್ಲಾಡಳಿತಕ್ಕೆ ನಿಮ್ಮ ಪತ್ರಿಕೆ ಮೂಲಕ ಒಂದು ಮನವಿ. ಪಿಂಚಣಿ ಅದಾಲತ್ ಮಾಡ್ತೀರಲ್ಲ, ಹಂಗೇ ಏಪ್ರಿಲ್ ಮೇ ತಿಂಗಳಲ್ಲಿ ಸಕಲೇಶಪುರ, ಬೇಲೂರು, ಆಲೂರು ಹೋಬಳಿಗಳಲ್ಲಿ ಪಿಯು ಕಾಲೇಜ್ ಆವರಣದಲ್ಲೇ ಆದಾಯ ಪತ್ರಕ್ಕೆ, ಆಧಾರ್ ತಿದ್ದುಪಡಿಗೆ ಒಂದೊಂದು ದಿನ ಕ್ಯಾಂಪ್ ಹಾಕಿ. ಗ್ರಾಮ ಆಡಳಿತ ಅಧಿಕಾರಿ ಅಲ್ಲೇ ಕೂತ್ರೆ ತೋಟದ ಆದಾಯ ಎಷ್ಟು ಅಂತ ಎದುರಿಗೇ ಕೇಳಿ ಬರೀಬಹುದು, ಎಲ್ರಿಗೂ ಒಂದೇ ನಲವತ್ತು ಸಾವಿರ ಬರೆಯೋದು ನಿಲ್ಲುತ್ತೆ. ಪ್ರಿನ್ಸಿಪಾಲರುಗಳು ಸೆಕೆಂಡ್ ಪಿಯು ಪೇರೆಂಟ್ಸ್ ಮೀಟಿಂಗ್‌ನಲ್ಲಿ ಬರೀ ಮಾರ್ಕ್ಸ್ ಬಗ್ಗೆ ಮಾತಾಡದೆ ಹತ್ತು ನಿಮಿಷ ಇದಕ್ಕೂ ಕೊಡ್ಲಿ. ನೀವೂ ಸಂಪಾದಕರೇ, ಕೊನೇ ದಿನ ಮುಂದಕ್ಕೆ ಅನ್ನೋ ಸುದ್ದಿ ಹಾಕೋವಾಗ ಯಾವ ಯಾವ ಕಾಗದ ಬೇಕು, ಎಲ್ಲಿ ಸಿಗುತ್ತೆ ಅಂತ ಕೆಳಗೆ ನಾಲ್ಕು ಸಾಲು ಹಾಕಿ.

ಮನೇಲಿ ಸೆಕೆಂಡ್ ಪಿಯು ಮಕ್ಕಳಿರೋರು ಇದನ್ನ ಓದ್ತಿದ್ರೆ ಮೊದಲು ಅಪ್ಪ ಅಮ್ಮ ಮಗು ಮೂರೂ ಜನರ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಇದೆ ಅಂತ ನೋಡ್ಕೊಳ್ಳಿ, ಹಳೇದಿದ್ರೆ ಈ ವಾರಾನೇ ಆಧಾರ್ ಸೆಂಟರ್‌ಗೆ ಹೋಗಿ ಬದಲಾಯಿಸಿ, ರಿಟರ್ನ್ ಮಾತು ಆಮೇಲೆ ಆಡೋಣ.

ಇಂತಿ,
ಲೆಕ್ಕ ಬರೆಯೋ ಒಬ್ಬ ಓದುಗ
ಸಕಲೇಶಪುರ, ಹಾಸನ ಜಿಲ್ಲೆ