ಸಕ್ಕರೆ ಬಿಟ್ಟರೆ ವೈರಸ್ ಓಡಿಹೋಗುತ್ತದೆಯೇ?

ಸಂಪಾದಕರೇ,

ನಿನ್ನೆ ನಗರ ಪುಟದಲ್ಲಿ ‘ಸಕ್ಕರೆ ಬಿಡಿ, ವೈರಸ್ ದೂರವಿಡಿ’ ಎಂಬ ಸುದ್ದಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ದೀಪ ಹಚ್ಚುವವರೆಲ್ಲ ದೀಪ ಬಿಟ್ಟು ಕ್ಯಾಮೆರಾ ಕಡೆಗೇ ನೋಡುತ್ತಿದ್ದಾರೆ. ವೈರಸ್ ಮೈಮೇಲಿನ ಸಕ್ಕರೆಯ ಬಗ್ಗೆ ಉಪನ್ಯಾಸ ಕೊಡಲು ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದಿದ್ದ ವಿಜ್ಞಾನಿ ಮಾತ್ರ ಫೋಟೊದಲ್ಲಿಲ್ಲ. ಅವರ ಹೆಸರನ್ನೂ ತಪ್ಪಾಗಿ ಹಾಕಿದ್ದೀರಿ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಅರ್ಧ ದಿನ ಸಿಎಲ್ ಹಾಕಿ, ಮಕ್ಕಳ ಮನೆಯವರನ್ನು ಒಪ್ಪಿಸಿ, ಆಟೊ ಬಾಡಿಗೆ ಕೈಯಿಂದ ಕೊಟ್ಟು ಅವರನ್ನು ಕರೆದುಕೊಂಡು ಹೋಗಿದ್ದೆ. ಹತ್ತಕ್ಕೆ ಎಂದ ಕಾರ್ಯಕ್ರಮ ಶುರುವಾಗಿದ್ದು ಹನ್ನೆರಡೂವರೆಗೆ. ಅಧ್ಯಕ್ಷತೆ ವಹಿಸುವ ಸಾಹೇಬರು ಬರಬೇಕಿತ್ತಲ್ಲ! ಮುಂದಿನ ಸೋಫಾಗಳು ಗಣ್ಯರಿಗೆಂದು ಖಾಲಿ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಕಲಬುರಗಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ನೀರಿನ ಕ್ಯಾನ್ ವೇದಿಕೆಯ ಹಿಂದೆ ಇತ್ತು, ಅತ್ತ ಯಾರನ್ನೂ ಬಿಡಲಿಲ್ಲ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಮತ್ತೊಂದು ಶಾಲು. ಕೊನೆಗೆ ವಿಜ್ಞಾನಿಯ ಕೈಗೆ ಮೈಕ್ ಸಿಕ್ಕಿತು, ಕರೆಂಟ್ ಹೋಯಿತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಪಾಪ, ಆ ಮೇಡಂ ಪ್ರೊಜೆಕ್ಟರ್ ಇಲ್ಲದೆ ಹತ್ತು ನಿಮಿಷ ಗಂಟಲು ಹರಿದುಕೊಂಡರು. ಅಷ್ಟರಲ್ಲಿ ‘ಊಟಕ್ಕೆ ಹೊತ್ತಾಯಿತು’ ಎಂದು ಚೀಟಿ ಬಂತು.

ಅಧ್ಯಕ್ಷ ಭಾಷಣಕ್ಕೆ ಮಾತ್ರ ಹೊತ್ತಾಗಿರಲಿಲ್ಲ. ವೈರಸ್ಸಿನ ಮೈತುಂಬ ಸಕ್ಕರೆ ಇರುತ್ತದಂತೆ, ಆದ್ದರಿಂದ ಎಲ್ಲರೂ ಸಕ್ಕರೆ ತಿನ್ನುವುದು ಬಿಟ್ಟರೆ ಲಸಿಕೆಯ ಗೊಡವೆಯೇ ಇರುವುದಿಲ್ಲ ಎಂದು ಸಾಹೇಬರು ಅಪ್ಪಣೆ ಕೊಡಿಸಿದರು. ಚಪ್ಪಾಳೆಯೂ ಬಿತ್ತು. ಅದನ್ನೇ ನೀವು ತಲೆಬರಹ ಮಾಡಿದಿರಿ.

ಆ ಹತ್ತು ನಿಮಿಷದಲ್ಲಿ ಮೇಡಂ ಹೇಳಿದ್ದೇ ಬೇರೆ. ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳು ಒಂದು ಪ್ರೋಟೀನ್. ಮೂರು ಭಾಗ ಸೇರಿ ಒಂದು ಮುಳ್ಳು. ಒಂದೊಂದು ಭಾಗದಲ್ಲೂ ಒಂದು ಬಗೆಯ ಸಕ್ಕರೆ ಸರಪಳಿ ಅಂಟಿಕೊಳ್ಳುವ 22 ಜಾಗಗಳಿವೆ, ಅಂದರೆ ಇಡೀ ಮುಳ್ಳಿಗೆ 66. ಇದು ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಮ್ಯಾನೋಸ್, ಗ್ಯಾಲಕ್ಟೋಸ್, ಸಯಾಲಿಕ್ ಆಮ್ಲದಂಥವು ಕವಲೊಡೆದು ಬೆಳೆದ ಸರಪಳಿ. ಅದನ್ನು ಕಟ್ಟುವ ಸಾಮಗ್ರಿ ವೈರಸ್ ಹತ್ತಿರ ಇಲ್ಲವೇ ಇಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕ ಮೇಲೆ, ಪರೀಕ್ಷೆಗೆಂದು ನಮ್ಮ ಮಕ್ಕಳು ಉರು ಹೊಡೆಯುತ್ತಾರಲ್ಲ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಗಾಲ್ಗಿ ಎಂದು ಜೀವಕೋಶದ ಭಾಗಗಳ ಹೆಸರು, ಅಲ್ಲೇ ಅದಕ್ಕೆ ಈ ಹೊದಿಕೆ ಸಿಗುತ್ತದೆ. ನಮ್ಮ ಮನೆಯದೇ ಕಂಬಳಿ ಹೊದ್ದು ಬಂದ ಕಳ್ಳನಿಗೆ ನಮ್ಮ ನಾಯಿ ಬೊಗಳುತ್ತದೆಯೇ? ರೋಗಾಣು ಹಿಡಿಯಲು ನಮ್ಮ ದೇಹ ತಯಾರಿಸುವ ಪ್ರತಿಕಾಯ ಸಕ್ಕರೆಯ ಅಡಿಯಲ್ಲಿರುವ ಪ್ರೋಟೀನನ್ನು ತಲುಪುವುದು ಕಷ್ಟ. ನೀವು ಹೋಳಿಗೆ ತಿಂದರೂ ಬಿಟ್ಟರೂ ಆ ಹೊದಿಕೆ ಇದ್ದೇ ಇರುತ್ತದೆ.

ಲಸಿಕೆ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಎಚ್‌ಐವಿಯ ಹೊರಗಿನ ಪ್ರೋಟೀನಿನ ತೂಕದಲ್ಲಿ ಅರ್ಧದಷ್ಟು ಸಕ್ಕರೆಯದೇ. 1983ರಲ್ಲಿ ಪತ್ತೆಯಾದ ವೈರಸ್ಸಿಗೆ ಇವತ್ತಿಗೂ ಲಸಿಕೆ ಇಲ್ಲ, ಅದಕ್ಕೆ ಇದೂ ಒಂದು ಕಾರಣ. ಫ್ಲೂ ಕಥೆ ಇನ್ನೂ ಚೆಂದ. 1968ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡ ಎಚ್3ಎನ್2 ಎಂಬ ಫ್ಲೂ ವೈರಸ್ ವರ್ಷ ಕಳೆದಂತೆ ಹೊಸ ಹೊಸ ಜಾಗಗಳಿಗೆ ಸಕ್ಕರೆ ಅಂಟಿಸಿಕೊಳ್ಳುತ್ತಾ ಬಂದಿದೆ. 2016–17ರಲ್ಲಂತೂ ಕೋಳಿ ಮೊಟ್ಟೆಯಲ್ಲಿ ಬೆಳೆಸಿದ ಲಸಿಕೆಯ ವೈರಸ್ ಅಂಥ ಒಂದು ಸಕ್ಕರೆಯನ್ನು ಕಳೆದುಕೊಂಡಿತ್ತು. ಹೊರಗೆ ಹರಡುತ್ತಿದ್ದ ವೈರಸ್ ಮೇಲೆ ಅದು ಇತ್ತು. ಹೀಗಾಗಿ ಸೂಜಿ ಹಾಕಿಸಿಕೊಂಡವರ ಪ್ರತಿಕಾಯಗಳಿಗೆ ಹೊರಗಿನ ವೈರಸ್ಸನ್ನು ಸರಿಯಾಗಿ ಹಿಡಿಯಲು ಆಗಲಿಲ್ಲ. ಒಂದೇ ಒಂದು ಜಾಗದ ಸಕ್ಕರೆ!

ಇಷ್ಟು ದೂರ ಯಾಕೆ? 2022ರ ಮಾರ್ಚ್‌ನಲ್ಲಿ 12ರಿಂದ 14 ವರ್ಷದವರಿಗೆ ಕೊಟ್ಟ ಕೊರ್ಬೆವ್ಯಾಕ್ಸ್ ಎಂಬ ಕೋವಿಡ್ ಲಸಿಕೆ ತಯಾರಾಗಿದ್ದು ಪಕ್ಕದ ಹೈದರಾಬಾದಿನ ಕಂಪನಿಯಲ್ಲಿ. ಅದರ ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಯೀಸ್ಟ್ ಹಾಕುವ ಸಕ್ಕರೆ ನಮ್ಮದಕ್ಕಿಂತ ಬೇರೆ, ಜಾಸ್ತಿಯೂ ಹಾಕಿಬಿಡುತ್ತದೆ. ಅದಕ್ಕೇ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅದನ್ನು ರೂಪಿಸಿದವರು ಒಂದು ಸಕ್ಕರೆ ಜಾಗವನ್ನೇ ತೆಗೆದುಹಾಕಿದ್ದರು. ನನ್ನ ಜೊತೆ ಗೋಡೆಗೆ ಒರಗಿ ನಿಂತವರಲ್ಲಿ ಎಷ್ಟೋ ಮಕ್ಕಳು ಆ ಸೂಜಿ ಹಾಕಿಸಿಕೊಂಡವರೇ. ಅವರಿಗೆ ಇದು ಗೊತ್ತಾಗುವ ಹೊತ್ತಿಗೇ ಚೀಟಿ ಬಂತು.

ಈಗ ನನ್ನ ಮನೆಯ ಪಾಡು ಕೇಳಿ. ಅವ್ವನಿಗೆ ಶುಗರ್ ಇದೆ, ವಯಸ್ಸೂ ಆಗಿದೆ. ಇಂಥವರಿಗೆ ಫ್ಲೂ ಬಂದರೆ ಅಪಾಯ ಜಾಸ್ತಿ, ಲಸಿಕೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ಬಹಳ ಕಷ್ಟಪಟ್ಟು ಒಪ್ಪಿಸಿದ್ದೆ. ನಿನ್ನೆ ಪತ್ರಿಕೆ ಓದಿಸಿಕೊಂಡು ಅವ್ವ ಹೇಳಿದ್ದು: ‘ಸಕ್ರಿ ಬಿಟ್ಟು ಎಷ್ಟೋ ವರ್ಷ ಆತು, ಇನ್ನ ಸೂಜಿ ಯಾಕ?’ ಸಾಹೇಬರೇ ಹೇಳಿದ ಮೇಲೆ ಮಗಳ ಮಾತು ಯಾರು ಕೇಳುತ್ತಾರೆ? ಎದುರು ಮನೆಯ ಕಾಕಾ ಪತ್ರಿಕೆಯ ತುಣುಕನ್ನು ಕತ್ತರಿಸಿ ಓಣಿಯೆಲ್ಲ ತೋರಿಸುತ್ತಿದ್ದಾರೆ.

ದೇಶದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ನಮ್ಮ ಊರಿನವರು. 2020ರ ಮಾರ್ಚ್ ಅದು. ತೀರಿಕೊಂಡ ಮೇಲೆ ಅದು ಕೋವಿಡ್ ಎಂದು ಖಚಿತವಾಯಿತು. ಅಂಥ ಊರಿನಲ್ಲಿ ಇಂಥ ಭಾಷಣ! ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂತು, ಅಭಿವೃದ್ಧಿ ಮಂಡಳಿ ಬಂತು, ಕೋಟಿಗಳ ಲೆಕ್ಕ ಪತ್ರಿಕೆಯಲ್ಲಿ ಬರುತ್ತಲೇ ಇದೆ. ಸಭಾಂಗಣದ ಜನರೇಟರಿಗೆ ಡೀಸೆಲ್ ಬರಲಿಲ್ಲ. ಇತ್ತ ಕಡೆ ವರ್ಗವಾಗಿ ಬಂದವರು ಶಿಕ್ಷೆ ಅನುಭವಿಸುವಂತೆ ದಿನ ಎಣಿಸಿ ಹೋಗುತ್ತಾರೆ. ಪೈಪ್ ಹಾಕಲು ನಮ್ಮ ಓಣಿ ಅಗೆದವರು ಮುಚ್ಚಲು ಬಂದಿಲ್ಲ. ಆ ಗುಂಡಿಯಲ್ಲಿ ನಿಂತ ನೀರಿಗೆ ಡೆಂಗಿ ಸೊಳ್ಳೆ. ಫೋನ್ ಮಾಡಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಯಾವ ಮೀಟಿಂಗು ಎಂದು ಈಗ ಗೊತ್ತಾಯಿತು.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಆ ಮೇಡಂ ಅವರ ಕ್ಷಮೆ ಕೇಳಿ ಮತ್ತೆ ಕರೆಸಬೇಕು. ಇಲ್ಲವಾದರೆ ಇಂಥ ಕಾರ್ಯಕ್ರಮಗಳನ್ನೇ ಪೂರ್ತಿ ನಿಲ್ಲಿಸಬೇಕು. ನೀವೂ ತಿದ್ದುಪಡಿ ಹಾಕಬೇಕು, ರಾಶಿ ಭವಿಷ್ಯದ ಕೆಳಗೆ ಸಣ್ಣಕ್ಷರದಲ್ಲಿ ಅಲ್ಲ. ನಮ್ಮ ಓಣಿಯ ಗುಂಡಿಯನ್ನೂ ಮುಚ್ಚಿಸಬೇಕು. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕುವ ಬದಲು ಸುಮ್ನೆ ಊಟ ಮಾಡಿ ಹೋಗಿದ್ದರೆ ಆಗುತ್ತಿರಲಿಲ್ಲವೇ ಸಾಹೇಬರೇ?

– ಒಬ್ಬ ಉಪನ್ಯಾಸಕಿ, ಕಲಬುರಗಿ